ಟವೆಲ್ಲಿನ ಕೆಳಗೊಂದು ಸುರಂಗ

ಕಳೆದ ಭಾನುವಾರ ಒಂದು ಮದುವೆ ತಪ್ಪಿಸಿ ಬಂದೆ. (ಹೋಗಿದ್ದು ಮಾಡಿಸಲಿಕ್ಕೆ.)

ನಾನು ದನದ ಸಂತೆಯಲ್ಲಿ ದಲಾಲಿ ಮಾಡಿ ಮೇಲೆ ಬಂದವನು, ನಿಮಗೆ ಗೊತ್ತು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಟವೆಲ್ಲಿನ ಕೆಳಗೆ ಸೇರುತ್ತದೆ, ಹಿಡಿದ ಬೆರಳಿನಷ್ಟು ಲೆಕ್ಕ. ತಲೆಯಾಡಿಸಿದರೆ ಮುಗಿಯಿತು. ಆಮೇಲೆ ಮಾತು ಬದಲಿಸಿದವನ ಹತ್ತಿರ ಯಾರೂ ಸುಳಿಯುವುದಿಲ್ಲ.

ಜೇವರ್ಗಿಯಿಂದ ಬಸ್ ಬದಲಿಸಿ ಆಳಂದ ಮುಟ್ಟುವಷ್ಟರಲ್ಲಿ ನನ್ನ ಸೊಂಟ ಹಿಡಿದಿತ್ತು. ಅಣ್ಣನ ಪಡಸಾಲೆಯಲ್ಲಿ ಅಫಜಲಪುರದಿಂದ ಬಂದ ಹುಡುಗನ ಕಡೆಯವರು ಕೂತಿದ್ದರು. ಬರುವ ಬೇಸಿಗೆಯಲ್ಲೇ ಮದುವೆ ಆಗಬೇಕಂತೆ. ಅಣ್ಣನ ಮಗಳು ಸವಿತಾ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ.ಗೆ ಈಗಷ್ಟೇ ಸೇರಿದ್ದಾಳೆ. ಮುಗಿಯಲು ಎರಡು ವರ್ಷ ಬೇಕು. ಅವರಿಗೆ ಓದಿದ ಸೊಸೆ ಬೇಕು, ಓದುತ್ತಿರುವ ಸೊಸೆ ಬೇಡ.

"ನೀ ಮಾತಾಡಿದ್ರ ಒದಿಯೋ ಎಮ್ಮೀನೂ ಸುಮ್ಮ ನಿಂದರ್ತದ. ಹೋಗಿ ಒಪ್ಪಿಸು," ಎಂದ ಅಣ್ಣ.

ಅಡುಗೆಮನೆಯಲ್ಲಿದ್ದ ಸವಿತಾಳ ಹತ್ತಿರ ಹೋದೆ. "ನೋಡು ಬೇ, ಇಂಥಾ ಮನಿ ಮತ್ತ ಸಿಗಲ್ಲ. ಹೋದ ವ್ಯಾಳ್ಯಾ ತಿರುಗಿ ಬರಲ್ಲ."

"ಫಿಸಿಕ್ಸ್ ಲೆಕ್ಕದಾಗ ಬರ್ತದ, ಕಾಕಾ."

ನನ್ನ ಹೆಗಲ ಟವೆಲ್ ಎಳೆದುಕೊಂಡಳು. "ಈ ತುದಿ ಖಜೂರಿ ಊರು, ಆ ತುದಿ ಇಜೇರಿ ಊರು ಅನ್ಕೋರಿ. ಮ್ಯಾಲಿಂದ ಹೋದ್ರ ದೂರ. ಮಡಚಿದ್ರ?" ಎರಡು ತುದಿ ಕೂಡಿದವು. "ನಡುವ ಸುರಂಗ ಕೊರದ್ರ ಅದೇ ವರ್ಮ್‌ಹೋಲ್. ಅದರ ಒಂದು ಬಾಯಿ ಭಾಳ ಜೋರ್ ಓಡಿಸಿ ತಂದ್ರ ಅಲ್ಲಿ ಗಡಿಯಾರ ಹಿಂದ ಬೀಳ್ತದ. ಆಗ ಒಂದರಾಗ ಹೊಕ್ಕು ಇನ್ನೊಂದರಾಗ ಹೊರಗ ಬಂದ್ರ, ನಿನ್ನೆಗಿ ಹೋಗಬಹುದು."

"ಹಂಗಾರ ಮದುವಿ ಮಾಡ್ಕೊ. ಬ್ಯಾಡಾದ್ರ ನಿನ್ನೆಗಿ ಹೋಗು." (ದಲಾಲಿ ಬುದ್ಧಿ ಎಲ್ಲಿ ಬಿಡುತ್ತದೆ?)

ಅವಳು ನಗಲಿಲ್ಲ. "ಸುರಂಗ ಆದ ದಿನಕ್ಕಿಂತ ಹಿಂದ ಹೋಗಾಕ ಆಗಲ್ಲ, ಕಾಕಾ. ಇವತ್ತ ಬಾಗಲಾ ತೆರೆದಿಟ್ರ ಮುಂದ ಇವತ್ತಿಗಿ ಬರಬಹುದು. ಇವತ್ತ ಮುಚ್ಚಿದ್ರ ಮುಗೀತು. ಅದೂ ತಾನಾಗೇ ತೆರೆದಿರಲ್ಲ, ಕ್ಷಣದಾಗ ಕುಸೀತದ. ಒಳಗಿಂದ ಒತ್ತಿ ಹಿಡಿಯೋ ಎಂಥದೋ ವಸ್ತು ಬೇಕು. ಅದು ಇನ್ನೂ ಯಾರಿಗೂ ಸಿಕ್ಕಿಲ್ಲ."

ಮಡಚಿದ ಟವೆಲ್ ನಮ್ಮಿಬ್ಬರ ನಡುವೆ ತೂಗುತ್ತಿತ್ತು. ಅಭ್ಯಾಸ ನೋಡಿ, ನನ್ನ ಕೈ ತಾನಾಗಿ ಅದರ ಕೆಳಗೆ ಹೋಯಿತು. ಹಿಂದೆ ತೆಗೆಯುವ ಮೊದಲೇ ಸವಿತಾ ನನ್ನ ಎರಡು ಬೆರಳು ಗಟ್ಟಿಯಾಗಿ ಹಿಡಿದಳು. ದಲಾಲರ ಮನೆಯ ಹುಡುಗಿ, ಲೆಕ್ಕ ಗೊತ್ತಿತ್ತು.

ಎರಡು ವರ್ಷ. ನಾನು ತಲೆಯಾಡಿಸಿಬಿಟ್ಟೆ.

ಪಡಸಾಲೆಗೆ ಬಂದು, "ಎರಡು ವರ್ಷ ತಡೀರಿ," ಎಂದೆ. ಅವರಲ್ಲಿ ಹಿರಿಯರು ಟೋಪಿ ಹಾಕಿಕೊಂಡು ಎದ್ದರು. "ಅಲ್ಲೀತನ ಕಾಯ್ಕೋತ ಕೂಡ್ರಾಕ ನಮಗೇನ್ ಬ್ಯಾರೆ ಕೆಲಸಿಲ್ಲೇನ್ರಿ?" ಚಹಾ ಹಾಗೇ ಉಳಿಯಿತು.

(ನನ್ನ ಸಲಹೆ: ಹುಡುಗಿಯನ್ನು ಒಪ್ಪಿಸಲು ಹೋಗುವಾಗ ಟವೆಲ್ ಮನೆಯಲ್ಲೇ ಬಿಟ್ಟು ಹೋಗಿ.)

ಸೋಮವಾರ ಸವಿತಾ ಕಡಗಂಚಿ ಬಸ್ ಹತ್ತಿದಳು. ಅಣ್ಣ ನನ್ನ ಫೋನ್ ಎತ್ತುತ್ತಿಲ್ಲ. ಇವತ್ತಲ್ಲ ನಾಳೆ ಇನ್ನೊಂದು ಸಂಬಂಧ ಬರುತ್ತದೆ. ಮತ್ತೆ ಬಸ್ಸು, ಮತ್ತೆ ಅದೇ ಪಡಸಾಲೆ, ಮತ್ತೆ ನನ್ನ ಸೊಂಟ. ಎರಡು ವರ್ಷ ಆ ಬಾಗಿಲು ಮುಚ್ಚದಂತೆ ಬೆನ್ನು ಕೊಟ್ಟು ನಿಲ್ಲಬೇಕು.

ಒತ್ತಿ ಹಿಡಿಯುವ ವಸ್ತು ಇನ್ನೂ ಸಿಕ್ಕಿಲ್ಲ ಅಂದವರು ಯಾರು?