ಸೀರೀಸ್ ಅಲ್ಲ, ಪ್ಯಾರಲಲ್

ಇಪ್ಪತ್ತೈದು ವರ್ಷದಿಂದ ವೈರಿಂಗ್ ಕೆಲಸ ಮಾಡುವ ಆ ಮನುಷ್ಯನಿಗೆ ಜನ ಇಟ್ಟ ಹೆಸರು ಫ್ಯೂಸಣ್ಣ. ಫ್ಯೂಸ್ ಹಾಕುತ್ತಾನೆಂದಲ್ಲ, ಎದುರಿನವರ ಮಾತು ಮುಗಿಯುವ ಮೊದಲೇ ಹಾರಿಹೋಗುತ್ತಾನೆಂದು.

ಆ ಭಾನುವಾರ ಸಭಾಭವನದಲ್ಲಿ ಕಂಪ್ಯೂಟರ್ ಗೇಮ್ ಪಂದ್ಯಾವಳಿ. ತಂಡಕ್ಕೆ ಐದು ಜನರಂತೆ ನಾಲ್ಕು ತಂಡ, ನಾಲ್ಕು ಉದ್ದನೆಯ ಮೇಜು. ಮೇಜುಗಳಿಗೆ ಕರೆಂಟ್ ಲೈನ್ ಎಳೆದವನು ಫ್ಯೂಸಣ್ಣನೇ. ಎರಡನೇ ಮೇಜಿನ ತಂಡಕ್ಕೆ ಅವನ ಮಗಳೇ ಕ್ಯಾಪ್ಟನ್. ಗುಂಪು ಹಂತ ದಾಟಿ ಮುಂದಿನ ಸುತ್ತಿಗೆ ಹೋಗಬೇಕೆಂದು ಎರಡು ವರ್ಷದಿಂದ ಒದ್ದಾಡುತ್ತಿದ್ದಳು.

ಮೊದಲ ಪಂದ್ಯದಲ್ಲೇ ಮಣ್ಣು ಮುಕ್ಕಿದರು. ತಂಡ ನೀರು ಕುಡಿಯಲು ಹೊರಗೆ ಹೋಯಿತು. ಫ್ಯೂಸಣ್ಣನಿಗೆ ದುಃಖ ಬಂದರೂ ಅದು ಸಿಟ್ಟಿನ ದಾರಿಯಲ್ಲೇ ಬರುವುದು. ಅವನು ಹರೆಯದಲ್ಲಿ ಕುಸ್ತಿ ಆಡಿದವನು. ಬೆನ್ನು ನೆಲಕ್ಕೆ ತಾಗಿದರೆ ಎದ್ದು ಮನೆಗೆ ಹೋಗುವುದಷ್ಟೇ ಅವನಿಗೆ ಗೊತ್ತು. ಎಲ್ಲರೆದುರು ಮಗಳು ಗಂಟುಮೂಟೆ ಕಟ್ಟುವುದು ಬೇಡವೆಂದು ತಾನೇ ಮೇಜಿನ ಪ್ಲಗ್‌ಗಳನ್ನೆಲ್ಲ ಕಿತ್ತ, ಬೋರ್ಡ್ ಬಿಚ್ಚಿದ, ವೈರು ಸುತ್ತಿ ಚೀಲಕ್ಕೆ ತುರುಕಿದ.

ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. “ಅಪ್ಪಾ! ಏನ್ ಮಾಡ್ಬಿಟ್ಟೆ?”

“ಸೋತ್ರಲ್ಲ, ನಡಿ ಮನೆಗೆ.”

“ಮುಗೀತು ಅಂತ ಯಾರ್ ಹೇಳಿದ್ರು? ಒಂದೊಂದು ತಂಡಾನೂ ಉಳಿದ ಮೂರರ ಜೊತೆ ಆಡ್ಬೇಕು. ಗೆದ್ರೆ ಮೂರು ಪಾಯಿಂಟು. ಕೊನೇಲಿ ಮೇಲಿರೋ ಎರಡು ತಂಡ ಮುಂದಕ್ಕೆ. ನಮಗಿನ್ನೂ ಎರಡು ಮ್ಯಾಚಿದೆ!”

“ಸೋತೋರಿಗೆ ಮತ್ತೆ ಆಟಾನಾ? ಅದ್ಯಾವ ಸೀಮೆ ನ್ಯಾಯ!”

ಮಗಳು ಹಣೆ ಚಚ್ಚಿಕೊಂಡಳು. “ನಿನ್ನ ಭಾಷೇಲೇ ಹೇಳ್ತೀನಿ. ನಿನ್ನ ಕುಸ್ತಿ ಸೀರೀಸ್ ವೈರಿಂಗು, ಒಂದು ಬಲ್ಬ್ ಹೋದ್ರೆ ಎಲ್ಲಾ ಕತ್ತಲೆ. ಇದು ಪ್ಯಾರಲಲ್ ಕಣಪ್ಪಾ. ಒಂದು ಹೋದ್ರೂ ಉಳಿದದ್ದು ಉರಿಯುತ್ತೆ.”

ಅಷ್ಟರಲ್ಲಿ ರೆಫರಿ ಬಂದು ಗಡಿಯಾರ ತೋರಿಸಿದ. “ಹತ್ತು ನಿಮಿಷದಲ್ಲಿ ಮೇಜು ರೆಡಿ ಇಲ್ಲಾಂದ್ರೆ ಪಾಯಿಂಟು ಎದುರು ತಂಡಕ್ಕೆ.”

ಫ್ಯೂಸಣ್ಣ ಚೀಲ ಸುರಿದು ನೆಲಕ್ಕೆ ಕೂತ. ಸಿಟ್ಟಲ್ಲಿ ಎಳೆದದ್ದಕ್ಕೆ ಒಂದು ವೈರು ತುಂಡಾಗಿತ್ತು. ಸಿಪ್ಪೆ ಸುಲಿದ, ಹೊಸೆದ, ಟೇಪ್ ಸುತ್ತಿದ, ಸ್ಕ್ರೂ ಬಿಗಿದ. ತನ್ನನ್ನು ತಾನೇ ಬೈದುಕೊಂಡಷ್ಟು ಆವತ್ತು ಯಾರನ್ನೂ ಬೈಯಲಿಲ್ಲ. ಒಂಬತ್ತನೇ ನಿಮಿಷಕ್ಕೆ ಐದೂ ಸ್ಕ್ರೀನ್ ಬೆಳಗಿದವು.

ಎರಡನೇ ಪಂದ್ಯ ಗೆದ್ದರು. ಇನ್ನುಳಿದ ಒಂದು ಪಂದ್ಯ, ಇವರಂತೆಯೇ ಮೂರು ಪಾಯಿಂಟ್ ಇರುವ ಇನ್ನೊಂದು ತಂಡದ ಜೊತೆ, ಗೆದ್ದವರು ಮುಂದಕ್ಕೆ.

ಆಗ ಭವನದ ಕಾವಲುಗಾರ ಕೊನೆಯ ಮೇಜಿನ ಪ್ಲಗ್ಗಿಗೆ ಕೈ ಹಾಕಿದ. “ಇವರು ಎರಡೂ ಸೋತ್ರಲ್ಲಣ್ಣ, ಬಿಚ್ಚಿಬಿಡ್ಲಾ?”

“ಮುಟ್ಟಿ ನೋಡು, ಕೈ ಮುರೀತೀನಿ! ಅವರಿಗಿನ್ನೂ ಒಂದು ಮ್ಯಾಚಿದೆ!”

ಕೊನೆಯ ಪಂದ್ಯ ಕೂದಲೆಳೆಯಲ್ಲಿ ಮಗಳ ತಂಡಕ್ಕೆ ಸಿಕ್ಕಿತು. ಆರು ಪಾಯಿಂಟ್, ಎರಡನೇ ಸ್ಥಾನ. ಅವಳು ಓಡಿಬಂದು ಅಪ್ಪನ ಭುಜ ಹಿಡಿದು ಕುಲುಕಿದಳು.

“ಮುಂದಿನ ಸುತ್ತು ನಾಕೌಟು, ಅಪ್ಪಾ. ಸೋತ್ರೆ ಸೀದಾ ಮನೆಗೆ.”

“ಅಂದ್ರೆ ಸೀರೀಸು.” ಫ್ಯೂಸಣ್ಣ ಕಣ್ಣೊರೆಸಿಕೊಂಡ. “ಲೈನ್ ನಾನೇ ಎಳೀತೀನಿ. ಬಿಚ್ಚೋಕೆ ಮಾತ್ರ ಬೇರೆ ಯಾರಿಗಾದ್ರೂ ಹೇಳು.”