ಆಂಫಿಕ್ಟಿಯೊನಿ ಮತ್ತು ಅಪ್ಪನ ಪಾನಾ

ಕುಷ್ಟಗಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ನನಗೂ ನನ್ನ ವಿದ್ಯಾರ್ಥಿಗಳಿಗೂ ಪ್ರತಿವರ್ಷ ಒಂದೇ ಪದದ ಮೇಲೆ ಜಗಳ. ಆಂಫಿಕ್ಟಿಯೊನಿ. ಹಲ್ಲಿಗೆ ಸಿಕ್ಕಿಬೀಳುವ ಪದ, ಒಪ್ಪುತ್ತೇನೆ. ಪಠ್ಯದಲ್ಲಿ ಅದಕ್ಕೆ ಇರುವುದು ಒಂದೇ ಸಾಲು, ಪರೀಕ್ಷೆಗೆ ಬರುವುದಿಲ್ಲವೆಂದು ಮಕ್ಕಳು ಹಾರಿಸುತ್ತಾರೆ. ನಾನು ಹಾರಿಸಲು ಬಿಡುವುದಿಲ್ಲ. ಉದಾಹರಣೆ ಕೊಡಿ ಎಂದಿದ್ದಕ್ಕೆ ಹೋದ ವರ್ಷ ಒಬ್ಬ ಜಾಣ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಬರೆದಿದ್ದ. ನಾಲ್ಕು ಊರು ಒಟ್ಟಿಗೆ ಬರೆದರೆ ಕೂಟವಾಯಿತು ಎಂದು ಅವನ ಲೆಕ್ಕ. ಅದು ಜಿಲ್ಲೆ ಕಣಪ್ಪಾ, ಸರ್ಕಾರ ಕೂಡಿಸಿದ್ದು ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ.

ಪದದ ಅರ್ಥ, ಸುತ್ತ ನೆಲೆಸಿದವರು. ಹಳೆಯ ಗ್ರೀಸಿನಲ್ಲಿ ಒಂದು ಗುಡಿಯ ಸುತ್ತಲಿನ ಜನರು, ಅವರ ನಗರಗಳು, ಆ ಗುಡಿಯನ್ನು ಸೇರಿ ನೋಡಿಕೊಳ್ಳಲು ಕಟ್ಟಿಕೊಂಡ ಕೂಟ ಅದು. ಬರೀ ಯುದ್ಧಕ್ಕೆಂದು ಒಂದಾದ ನಗರಗಳಿಗೆ ಈ ಪದ ಸಲ್ಲದು. ಹಾಗಂತ ಇವರೇನೂ ಸಾಧುಗಳಲ್ಲ, ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದರು. ಆದರೂ ಅಂಥ ಒಂದು ಕೂಟದವರು ಆಣೆ ಮಾಡಿದ್ದರಂತೆ: ಯುದ್ಧವಿರಲಿ, ಶಾಂತಿಯಿರಲಿ, ನಮ್ಮ ಕೂಟದ ಯಾವ ಊರಿಗೂ ಹರಿಯುವ ನೀರು ತಡೆಯುವುದಿಲ್ಲ. ಎಂ.ಎ. ಓದುವಾಗ ಈ ಸಾಲಿಗೆ ಬಂದವಳು ಪುಸ್ತಕ ಮುಚ್ಚಿ ಕೂತುಬಿಟ್ಟೆ. ಅಪ್ಪ ನೆನಪಾಗಿದ್ದ.

ಅಪ್ಪ ಬೇವೂರು ಕಡೆಯ ನಮ್ಮ ಹಳ್ಳಿಯಲ್ಲಿ ಪಂಚಾಯ್ತಿಯ ವಾಟರ್‌ಮನ್. ಮೋಟಾರು ಹಚ್ಚುವುದು, ಟ್ಯಾಂಕು ತುಂಬಿಸುವುದು, ಓಣಿ ಓಣಿಗೆ ವಾಲ್ ತಿರುವಿ ನೀರು ಬಿಡುವುದು. ವಾಲ್ ತಿರುವುವ ಕಬ್ಬಿಣದ ಪಾನಾ ಸದಾ ಅವನ ಹೆಗಲ ಮೇಲೆ. ಹಳ್ಳದಾಚೆಯ ಊರಿನಲ್ಲಿ ಎಲ್ಲಿ ಬೋರ್ ಕೊರೆದರೂ ಸವುಳು ನೀರು, ಬಾಯಿಗೆ ಹಾಕಿದರೆ ಉಪ್ಪು. ಹಾಗಾಗಿ ಅವರಿಗೂ ನಮ್ಮ ಟ್ಯಾಂಕಿನಿಂದಲೇ ಒಂದು ಪೈಪು ಹೋಗುತ್ತಿತ್ತು. ಅಪ್ಪನ ಆ ಕೆಲಸದಿಂದಲೇ ನಮ್ಮ ಒಲೆ ಉರಿಯುತ್ತಿತ್ತು, ನನ್ನ ಓದು ನಡೆಯುತ್ತಿತ್ತು.

ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ಎರಡೂ ಊರಿನವರ ಕಬಡ್ಡಿಯಲ್ಲಿ ನಮ್ಮೂರವನೊಬ್ಬನ ಕೈ ಮುರಿಯಿತು. ಬೇಕಂತಲೇ ತಿರುಚಿದರು ಎಂದು ಇವರು, ಬಿದ್ದು ಮುರಿದುಕೊಂಡ ಎಂದು ಅವರು. ಮಾತಿಗೆ ಮಾತು ಬೆಳೆದು ನಮ್ಮೂರ ಹಿರಿಯರು ಕಟ್ಟೆಗೆ ಕೂಡಿ ಅಪ್ಪನನ್ನು ಕರೆಸಿದರು. ಏನಂದರೂ ಹೂಂ ಅಂದು ಬಾ, ಮಗಳ ಓದು ಅರ್ಧಕ್ಕೆ ನಿಂತೀತು ಎಂದು ಅವ್ವ ಮೊದಲೇ ಹೇಳಿ ಕಳಿಸಿದ್ದಳು. ನನಗೆ ಮನೆಯಲ್ಲಿ ನಿಲ್ಲಲಾಗದೆ ಕಟ್ಟೆಯ ಎದುರಿನ ಮನೆಯೊಂದರ ಬಾಗಿಲಲ್ಲಿ ಹೋಗಿ ನಿಂತೆ. ಅವರು ತಪ್ಪು ಒಪ್ಪುವ ತನಕ ಆ ಪೈಪು ಬಂದ್, ಆಗದಿದ್ದರೆ ನೀನು ಕೆಲಸ ಬಿಡು, ಬೇರೆಯವರನ್ನು ಇಡುತ್ತೇವೆ ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು.

ಅಪ್ಪ ಯಾರಿಗೂ ಎದುರಾಡಿದವನಲ್ಲ. ಹೆಗಲಿನಿಂದ ಪಾನಾ ಇಳಿಸಿ ಕಟ್ಟೆಯ ನಡುವೆ ಇಟ್ಟ.

"ಕೆಲಸ ಬಿಡ್ತೀನ್ರಿ. ನೀರು ಬಂದ್ ಮಾಡೂದು ನನ್ನ ಕೈಲೆ ಆಗೂದಿಲ್ಲ. ಪಾನಾ ಇಲ್ಲೈತಿ. ಯಾರಿಗೆ ಮನಸ್ಸು ಬರ್ತೈತಿ ಅವ್ರ ತಗೊಂಡ್ಹೋಗಿ ತಿರುವ್ರಿ."

ಅಷ್ಟೊತ್ತು ಗದ್ದಲ ಹಾಕಿದವರು ಪಾನಾ ಎತ್ತಲು ಏಳಲಿಲ್ಲ. ಒಬ್ಬರ ಮಗಳು ಆಚೆ ಊರಿನ ಸೊಸೆ, ಇನ್ನೊಬ್ಬರ ಹೆಂಡತಿಯ ತವರೇ ಅದು. ಕೈ ಮುರಿದವನ ಅಣ್ಣ ಮಾತ್ರ ಧಡಕ್ಕನೆ ಎದ್ದು ಬಂದು ಪಾನಾಕ್ಕೆ ಕೈ ಹಾಕಿದ. ನನ್ನ ಪಕ್ಕದಲ್ಲೇ ನಿಂತಿದ್ದ ಅವನ ತಾಯಿ, "ಅಲ್ಲಿ ನಿಮ್ಮಕ್ಕ ಏನ್ ಕುಡೀಬೇಕೋ?" ಎಂದು ಕೇಳಿದಳು. ಅವನು ಕೈ ಹಿಂದಕ್ಕೆ ತೆಗೆದ.

ಪಾನಾ ಮಧ್ಯಾಹ್ನವೆಲ್ಲ ಅಲ್ಲೇ ಬಿದ್ದಿತ್ತು. ಮುಟ್ಟಿದವರಿಲ್ಲ. ಹೊತ್ತು ಇಳಿದ ಮೇಲೆ ತೀರ್ಪು ಕೊಟ್ಟ ಹಿರಿಯರೇ ಅಪ್ಪನಿಗೆ, ತಗೊಂಡು ಹೋಗು, ನೀರು ಬಿಡುವ ಹೊತ್ತಾಯಿತು ಎಂದರು. ಅವ್ವ ರಾತ್ರಿಯವರೆಗೂ ಅಪ್ಪನನ್ನು ಬೈದಳು, ಬೈಯುತ್ತಲೇ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವತ್ತು ಉಬ್ಬಿದ ನನ್ನ ಎದೆ ಇನ್ನೂ ಇಳಿದಿಲ್ಲ, ಇಳಿಸುವ ಇರಾದೆಯೂ ನನಗಿಲ್ಲ.

ಎಂ.ಎ. ರಜೆಗೆ ಬಂದಾಗ ಅಪ್ಪನಿಗೆ ಈ ಪದ ಹೇಳಿದೆ. ಎರಡು ಸಲ ಅನ್ನಲು ನೋಡಿ ಕೈಬಿಟ್ಟ. ಆಣೆಯ ಮಾತು ಹೇಳಿದಾಗ, ಮಂದಿಗೆ ನೀರು ಬಿಡಲು ಆಣೆ ಬೇರೆ ಬೇಕಾಯಿತೇ ಎಂದು ನಕ್ಕ. ಎಲ್ಲರೂ ಅದನ್ನು ಉಳಿಸಿಕೊಂಡರೇ ಎಂದು ಕೇಳಿದ. ಇಲ್ಲ, ಆಣೆ ಮಾಡಿದವರೂ ಮಾತಿಗೆ ತಪ್ಪಿದ್ದುಂಟು ಎಂದೆ. ಅಪ್ಪ ಪಾನಾಕ್ಕೆ ಎಣ್ಣೆ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ.

"ಹಂಗಾದ್ರ ಅವ್ರ ಊರಾಗ ಪಾನಾ ಯಾರ ಕೈಯಾಗ ಇತ್ತು, ಯವ್ವಾ?"

ನಾನು ಓದಿದ ಯಾವ ಪುಸ್ತಕದಲ್ಲೂ ಅದು ಇರಲಿಲ್ಲ. ಈ ವರ್ಷ ಕಾಲೇಜಿನ ಕಿರುಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಆ ಪ್ರಶ್ನೆಯನ್ನೇ ಕೇಳಿದ್ದೇನೆ.