ಬಲೆ ಅಂದರೆ ಯಾವ ಬಲೆ

ಮಗು ಸಮುದ್ರವನ್ನು ಕರೆಯಿತು ಎಂಬ ಕತೆಯನ್ನು ನಾನು ಒಪ್ಪುವುದಿಲ್ಲ. ವಡಾಲದ ಆ ಮನೆಯಲ್ಲಿ ಹುಟ್ಟುಹಬ್ಬವಿರಲಿ, ಪೂಜೆಯಿರಲಿ, ನಾಲ್ಕು ಜನ ಸೇರಿದರೆ ಸಾಕು, ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ. ಎರಡು ವರ್ಷ ದಾಟಿದರೂ ಒಂದು ಮಾತೂ ಆಡದಿದ್ದ ಹುಡುಗಿ ಮನೋರಿಯ ಮರಳಿನ ಮೇಲೆ ನಿಂತು, ಕೈ ಚಾಚಿ, ಅಲೆಯನ್ನು ‘ಬಲೆ’ ಎಂದು ಕರೆದಳಂತೆ. ತುಳುವಿನಲ್ಲಿ ಹಾಗೆಂದರೆ ‘ಬನ್ನಿ’. ಅಲೆ ಓಡಿ ಬಂದು ಅವಳ ಕಾಲು ತೊಳೆಯಿತಂತೆ. ಅವಳ ಅಜ್ಜಿ ಹೇಳುವಾಗ ಅಲೆ ಮೂರು ಸಲ ಬರುತ್ತದೆ.

ಕೇಳಲು ಚೆಂದ. ಆದರೆ ಆ ಹೊತ್ತು ಅವಳಿಂದ ಎರಡು ಹೆಜ್ಜೆ ದೂರದಲ್ಲಿ ಕೂತಿದ್ದವಳು ನಾನು. ಸಮುದ್ರ ಅವಳ ಬೆನ್ನ ಹಿಂದಿತ್ತು. ಬೆನ್ನು ಹಾಕಿ ನಿಂತು ಯಾರೂ ಯಾರನ್ನೂ ಕರೆಯುವುದಿಲ್ಲ. ಮೇಲಾಗಿ ಅದು ಇಳಿತದ ಸಮಯ. ನೀರು ಹಿಂದೆ ಹೋಗುತ್ತಿತ್ತೇ ಹೊರತು ಮುಂದೆ ಬರುತ್ತಿರಲಿಲ್ಲ. ಇಷ್ಟು ಹೇಳಿದರೆ ಎಲ್ಲರೂ ನನ್ನನ್ನು ಹಬ್ಬದ ದಿನ ತಲೆನೋವು ತಂದವಳಂತೆ ನೋಡುತ್ತಾರೆ. ನೋಡಲಿ. ಮಗುವಿನ ಆ ಒಂದು ಪದದ ಗದ್ದಲದಲ್ಲಿ ಇನ್ನೊಂದು ಸಂಗತಿ ಮುಚ್ಚಿಹೋಗಿದೆ. ಮನೋರಿಯಲ್ಲಿ ಕಳೆದ ಆ ಎರಡು ದಿನ ನಿಜವಾಗಿ ಪಣಕ್ಕಿದ್ದದ್ದು ಅವಳ ತಾಯಿಯ ಮಾತು.

ಆ ತಾಯಿ ನನ್ನ ಗೆಳತಿ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಚರ್ಚಾತಂಡ. ಅವಳದು ಮೈಸೂರಿನಿಂದ ಬಂದ ಮನೆತನ, ಬಾಯಿ ತೆರೆದರೆ ತುಂಬು ಕನ್ನಡ. ನಾನು ಮಾಟುಂಗದ ಬಿಲ್ಡಿಂಗೊಂದರಲ್ಲಿ ಹಿಂದಿ, ಮರಾಠಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬೆಳೆದವಳು. ನನ್ನ ಕನ್ನಡವನ್ನು ತಿದ್ದಿ ತಿದ್ದಿ ಬರೆಯುವ ಮಟ್ಟಕ್ಕೆ ತಂದವಳೂ ಅವಳೇ. ಚೀಟಿ ಎತ್ತಿದಾಗ ಯಾವ ಪಕ್ಷ ಬಂದರೂ ನಾವು ವಾದಿಸುತ್ತಿದ್ದೆವು. ಈಗ ಅದೇ ವಿದ್ಯೆಯನ್ನು ಕಾಲೇಜು ಮಕ್ಕಳಿಗೆ ಕಲಿಸಿ ಬದುಕುತ್ತಿದ್ದೇನೆ. ಯಾವ ಪಕ್ಷವಾದರೂ ಸರಿ ಎನ್ನುವುದು ಒಂದು ರೋಗವೂ ಆಗಬಹುದು ಎಂದು ನನಗೆ ಗೊತ್ತಾದದ್ದು ತಡವಾಗಿ.

ಅವಳ ಗಂಡ ಉಡುಪಿ ಕಡೆಯವನು, ದಾದರಿನಲ್ಲಿ ಹೋಟೆಲು ನೋಡಿಕೊಳ್ಳುತ್ತಾನೆ. ಊರ ಕಡೆಯ ಮುಖ ಕಂಡರೆ ಅಂಗೈಯನ್ನು ಗಾಳಿಯಲ್ಲಿ ಒಳಕ್ಕೆ ಬೀಸಿ ‘ಬಲೆ ಬಲೆ, ಕುಲ್ಲೆ’ ಎಂದು ಬರಮಾಡಿಕೊಂಡು ಕೂರಿಸುವುದು ಅವನ ದಿನದ ಕೆಲಸ. ಮನೆಗೆ ಬಂದ ಮೇಲೂ ಆ ಬಾಯಿ, ಆ ಕೈ ಬದಲಾಗುವುದಿಲ್ಲ. ಪುಟ್ಟ ಮಗುವನ್ನು ಏಕವಚನದಲ್ಲಿ ‘ಬಲ’ ಎನ್ನಬೇಕು. ಇವನು ‘ಬಲೆ’ ಎನ್ನುತ್ತಾನೆ. “ಅದು ನಿನ್ನ ಮಗಳಾ, ಗಿರಾಕಿಯಾ?” ಎಂದು ಅವನ ಅಮ್ಮ ಫೋನಿನಲ್ಲಿ ಬೈದದ್ದೂ ಉಂಟು.

ಮಗು ಮಾತಾಡುತ್ತಿರಲಿಲ್ಲ ಎಂದರೆ ಮಂಕಾಗಿತ್ತು ಎಂದಲ್ಲ. ಅವಳಷ್ಟು ಚುರುಕಿನ ಪ್ರಾಣಿಯನ್ನು ನಾನು ಕಂಡಿಲ್ಲ. ಫ್ರಿಜ್ಜಿನ ಬಾಗಿಲು ತೆಗೆದು ಅದರೊಳಗೆ ನನ್ನ ಚಪ್ಪಲಿ ಇಟ್ಟು ಬರುತ್ತಿದ್ದಳು. ಏನು ಬೇಕಾದರೂ ನಮ್ಮ ಬೆರಳು ಹಿಡಿದು ಎಳೆಯುವುದು ಅವಳ ಭಾಷೆ. ಕಿವಿ ಸರಿಯಾಗಿದೆ, ಕಾಯೋಣ ಎಂದು ಡಾಕ್ಟರು ಹೇಳಿದ್ದರು. ಆದರೆ ಪ್ಲೇಸ್ಕೂಲಿನ ಟೀಚರಿಗೆ ಕಾಯುವ ಮನಸ್ಸಿರಲಿಲ್ಲ. ಅಮ್ಮನ ಕನ್ನಡ, ಅಪ್ಪನ ತುಳು, ಕೆಲಸದವರ ಮರಾಠಿ, ಲಿಫ್ಟಿನ ಹಿಂದಿ, ಇವೆಲ್ಲ ಸೇರಿ ಮಗುವಿಗೆ ಗೊಂದಲವಾಗಿದೆ. ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ. ಒಂದು ತಿಂಗಳು ಮಾಡಿ ನೋಡಿ, ಫಲ ಕಂಡರೆ ಹಾಗೇ ಮುಂದುವರಿಸಿ ಎಂದರು.

ಗೆಳತಿ ನನ್ನನ್ನು ಮಾಟುಂಗದ ಹೋಟೆಲೊಂದಕ್ಕೆ ಕರೆಸಿಕೊಂಡು ಕೇಳಿದಳು. “ಏನ್ ಮಾಡ್ಲೇ? ನಂಗೇನೂ ತೋಚ್ತಿಲ್ಲ ಕಣೇ. ನೀನೇ ಹೇಳು.”

ನಾನು ಹೇಳಿದೆ. ಯಾರೋ ಕೈಗೆ ಚೀಟಿ ಕೊಟ್ಟಂತೆ ಹೇಳಿದೆ. ಈ ಊರಿನಲ್ಲಿ ಕನ್ನಡದಿಂದ ಅವಳಿಗೆ ಸಿಗುವುದೇನು? ಶಾಲೆ ಹೇಗೂ ಇಂಗ್ಲಿಷು. ನಿನ್ನ ಭಾಷಾಪ್ರೇಮದ ಹೊರೆಯನ್ನು ಎರಡು ವರ್ಷದ ಕೂಸಿನ ಮೇಲೆ ಹಾಕುವುದು ಪ್ರೀತಿಯೋ ಹಟವೋ? ಈ ಕೊನೆಯ ಸಾಲು ಹೇಳುವಾಗ ಅದರ ಲಯ ನನಗೇ ಹಿತವಾಗಿತ್ತು. ಅವಳು ಕಾಫಿಯ ಲೋಟವನ್ನು ಬಟ್ಟಲಿನಲ್ಲಿ ಎರಡು ಸುತ್ತು ತಿರುಗಿಸಿ, “ಸರಿ” ಎಂದಳು. ಗೆದ್ದೆ ಅಂದುಕೊಂಡು ನಾನು ಲೋಕಲ್ ಹಿಡಿದೆ.

ಅದಾಗಿ ಹದಿನೈದು ದಿನಕ್ಕೆ ಹೋಟೆಲಿಗೆ ಸುಣ್ಣಬಣ್ಣ ಮಾಡಿಸಲು ಎರಡು ದಿನ ಬಾಗಿಲು ಹಾಕಿದರು. “ಎಲ್ಲಿಗಾದರೂ ಹೋಗುವ ಮಾರಾಯ್ತಿ, ನಾನು ಮದುವೆಯಾದ ಮೇಲೆ ಸಮುದ್ರಕ್ಕೆ ಕಾಲು ಹಾಕಿಲ್ಲ” ಎಂದ ಅವನು. ಹಾಗೆ ನಾವು ನಾಲ್ವರು ದಾದರಿನಲ್ಲಿ ಗಾಡಿ ಹತ್ತಿ ಮಲಾಡಿನಲ್ಲಿ ಇಳಿದು, ರಿಕ್ಷಾದಲ್ಲಿ ಮಾರ್ವೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಮನೋರಿಗೆ ದಾಟಿದೆವು. ದಾಟುವುದಕ್ಕೆ ಹತ್ತು ನಿಮಿಷವೂ ಬೇಡ. ಅಷ್ಟರಲ್ಲಿ ಮಗು ಪಕ್ಕದವರ ಚೀಲದಿಂದ ಎರಡು ಟೊಮೆಟೊ ತೆಗೆದು ಒಂದನ್ನು ಕಚ್ಚಿ, ಇನ್ನೊಂದನ್ನು ಖಾಡಿಯ ಹಿನ್ನೀರಿಗೆ ಅರ್ಪಿಸಿಯಾಗಿತ್ತು.

“ಬೇಬಿ, ನೋ. ಸಿಟ್. ಸಿಟ್ ಹಿಯರ್” ಎಂದಳು ಗೆಳತಿ.

ನಾನು ಮೊದಲ ಸಲ ಅದನ್ನು ಕಿವಿಗೊಟ್ಟು ಕೇಳಿದೆ. ಇವಳು ಇಂಗ್ಲಿಷಿನಲ್ಲಿ ಎಂಎ ಮಾಡಿದವಳು. ಭಾಷೆ ಬಾರದ ಮಾತೇ ಇಲ್ಲ. ಆದರೆ ಮಗಳೊಂದಿಗೆ ಅವಳ ಬಾಯಿಂದ ಬರುತ್ತಿದ್ದದ್ದು ಸಿಟ್, ಕಮ್, ನೋ, ಲುಕ್. ಟ್ರಾಫಿಕ್ ಪೊಲೀಸನ ಶಬ್ದಕೋಶ. ಹದಿನೈದು ದಿನದ ಹಿಂದೆ ಇದೇ ಹೆಂಗಸು ಹೀರೇಕಾಯಿ ಹೆರೆಯುತ್ತಾ, “ನೋಡೇ ಪುಟ್ಟೀ, ಇದರ ಬೆನ್ನಮೇಲೆ ಎಷ್ಟು ರೈಲ್ವೆ ಲೈನು! ಇದು ಹಾರ್ಬರ್ರು, ಇದು ಸೆಂಟ್ರಲ್ಲು” ಎಂದು ಉಸಿರು ಬಿಡದೆ ಮಾತಾಡುತ್ತಿದ್ದಳು. ಕಿಟಕಿಯ ಕಾಗೆಗೆ ಬೈಯುತ್ತಿದ್ದಳು, ಕುಕ್ಕರಿಗೆ ಸಮಾಧಾನ ಹೇಳುತ್ತಿದ್ದಳು. ಈಗ ದೋಣಿಯಲ್ಲಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ನೀರು ನೋಡುತ್ತಿದ್ದಳು.

ನಾವು ಇಳಿದುಕೊಂಡದ್ದು ತೀರದ ಹತ್ತಿರ ಒಬ್ಬ ಆಂಟಿಯ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಮಧ್ಯಾಹ್ನವೆಲ್ಲ ಮಗು ಓಡಿತು, ನಾವು ಅವಳ ಹಿಂದೆ ಓಡಿದೆವು. ಮರಳು ತಿಂದಳು, ಉಗುಳಿದಳು, ಇನ್ನೊಂದು ಕಡೆಯ ಮರಳು ರುಚಿಯಾಗಿರಬಹುದೆಂದು ಅದನ್ನೂ ತಿಂದಳು. ಸಂಜೆ ಅಲ್ಲಿನ ಕೋಳಿ ಸಮುದಾಯದ ಮೀನುಗಾರರು ದಂಡೆಯ ಮೇಲೆ ಒಣಗಲು ಹರಡಿದ್ದ ಬಲೆಯೊಳಕ್ಕೆ ನುಗ್ಗಿ, ಎರಡೂ ಕಾಲು ಸಿಕ್ಕಿಸಿಕೊಂಡು ಬಿದ್ದಳು.

ಗೆಳತಿ ಕಿರುಚಿದಳು. “ಅಯ್ಯೋ ಬಲೆ! ಬಲೆ ಕಣೇ, ಬಲೆ! ಕಾಲು ಅಲ್ಲಾಡಿಸ್ಬೇಡ!” ಓಡಿಹೋಗಿ ಬಿಡಿಸಿ ಎತ್ತಿಕೊಂಡಳು. ಆಮೇಲೆ ತಪ್ಪು ಮಾಡಿದವಳಂತೆ ನನ್ನ ಕಡೆ ನೋಡಿ, ಮಗುವಿಗೆ ಮೆಲ್ಲಗೆ, “ನೆಟ್. ದಟ್ಸ್ ಎ ನೆಟ್” ಎಂದಳು.

ಆ ನೋಟ ನನಗೆ ಚುಚ್ಚಿತು. ನನ್ನನ್ನು ಯಾಕೆ ನೋಡಬೇಕು ಇವಳು? ನಾನೇನು ತೀರ್ಪುಗಾರ್ತಿಯೇ?

ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಮತ್ತೆ ತೀರಕ್ಕೆ ಬಂದೆವು. ನಾನು ನೀರಿಗಿಳಿಯುವವಳಲ್ಲ. ಮಗುಚಿ ಹಾಕಿದ ಒಂದು ದೋಣಿಯ ಮೇಲೆ ಕೂತಿದ್ದೆ. ಒಂದು ಕೈಯಲ್ಲಿ ಆಂಟಿ ಕೊಟ್ಟ ಚಹಾ, ಇನ್ನೊಂದರಲ್ಲಿ ಮಗುವಿನ ಚಪ್ಪಲಿ. ಗಂಡ ಹೆಂಡತಿ ಸ್ವಲ್ಪ ಆಚೆ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದರು. ಮಗು ನನ್ನ ಬಳಿ ಬಂದು ಬೆರಳು ಹುಡುಕಿತು. ಬೆರಳು ಖಾಲಿ ಇರಲಿಲ್ಲ. ಕುರ್ತಾದ ಅಂಚು ಹಿಡಿದು ಎಳೆಯಿತು. “ನಾನು ಬರಲ್ಲ ಪುಟ್ಟಿ. ನೀರಿನಲ್ಲಿ ಅಂಥದ್ದೇನಿದೆ, ವಾದಿಸಿ ಒಪ್ಪಿಸು” ಎಂದೆ. ತಮಾಷೆಗೆ.

ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ನನ್ನನ್ನೇ ನೋಡಿದಳು. ಬಲಗೈಯನ್ನು ಮೇಲೆತ್ತಿ, ಅಂಗೈಯನ್ನು ಗಾಳಿಯಲ್ಲಿ ಒಳಕ್ಕೆ ಬೀಸಿ, ದಾದರಿನ ಗಲ್ಲಾದ ಎದುರು ನಿಂತ ಪಳಗಿದ ಯಜಮಾನನಂತೆ, ಸ್ಪಷ್ಟವಾಗಿ, “ಬಲೆ” ಎಂದಳು.

ಚಹಾ ನನ್ನ ಕಾಲ ಮೇಲೆ ಚೆಲ್ಲಿತು. “ಏಯ್! ಇಲ್ಲಿ ಬನ್ನಿ! ಮಾತಾಡಿದ್ಲು!” ಎಂದು ಕೂಗಿದೆ. ಇಬ್ಬರೂ ನೀರು ಹಾರಿಸುತ್ತಾ ಓಡಿಬಂದರು.

“ಏನಂದ್ಲು? ಏನಂದ್ಲೇ?”

“ಬಲೆ ಅಂದ್ಲು.”

ಗೆಳತಿ ಮಗುವಿನ ಮುಂದೆ ಮಂಡಿಯೂರಿದಳು. “ಪುಟ್ಟೀ, ನನ್ನ ಬಂಗಾರ, ಇನ್ನೊಂದ್ಸಲ ಹೇಳಮ್ಮ. ಏನಂದೆ? ನಿನ್ನೆ ನಿನ್ನ ಕಾಲು ಹಿಡ್ಕೊಂಡಿತ್ತಲ್ಲ, ಆ ಬಲೆನಾ? ಅದನ್ನ ನೆನಪಿಟ್ಕೊಂಡ್ಯಾ? ಅಯ್ಯೋ ನನ್ನ ಕಳ್ಳೀ, ಎಲ್ಲಾ ಕೇಳಿಸ್ಕೊಂಡು ಸುಮ್ಮನಿದ್ಯಾ ಇಷ್ಟ್ ದಿನ?” ಕಟ್ಟೆ ಒಡೆದಂತೆ ಬಂತು ಕನ್ನಡ. ಮಗು ಅಷ್ಟರಲ್ಲಿ ಒಂದು ಏಡಿಯ ಬೆನ್ನು ಹತ್ತಿತ್ತು. ಮತ್ತೆ ಹೇಳುವ ಉಪಕಾರವನ್ನೇನೂ ಅದು ಮಾಡಲಿಲ್ಲ.

“ನಿಂದು ಎಂತ ಬಲೆ ಮಾರಾಯ್ತಿ?” ಎಂದ ಗಂಡ. “ಅದು ತುಳು. ಬನ್ನಿ ಅಂತ ಹೇಳಿದ್ದು. ನನ್ನ ಮಗಳು ಮರ್ಯಾದೆ ಕೊಟ್ಟು ಕರೆದದ್ದು.”

“ಹೋಗ್ರೀ, ನಿಮ್ಮ ಹೋಟ್ಲು ತುಳುನಾ! ಅವಳು ಹೇಳಿದ್ದು ಮೀನಿನ ಬಲೆ. ನಾನು ನಿನ್ನೆ ಮೂರು ಸಲ ಕೂಗಿದೀನಿ.”

“ನಾನು ಎರಡು ವರ್ಷದಿಂದ ಕೂಗ್ತಾ ಇದ್ದೇನೆ!”

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. “ನೀನೇ ಸಾಕ್ಷಿ. ಹೇಳು, ಯಾವ ಬಲೆ?”

ಇಲ್ಲಿ ನಾನು ಪ್ರಾಮಾಣಿಕವಾಗಿರಬೇಕು. ಕೈ ಬೀಸಿದ ರೀತಿ ಅಪ್ಪನದು. ಆ ಪದ ಅವಳ ಕಿವಿಗೆ ಜೋರಾಗಿ ಬಿದ್ದದ್ದು ಹಿಂದಿನ ಸಂಜೆ, ಅಮ್ಮನ ಭಯದ ಜತೆಗೆ. ಅವಳು ಮುಖ ಮಾಡಿದ್ದು ನನ್ನ ಕಡೆಗೆ. ಆದ್ದರಿಂದ ಕರೆದದ್ದು ನನ್ನನ್ನೇ ಇರಬಹುದು ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಸ್ವಂತ ಲಾಭವಿರುವ ಸಾಕ್ಷಿಯನ್ನು ನಂಬಬಾರದೆಂದು ನನ್ನ ವಿದ್ಯಾರ್ಥಿಗಳಿಗೆ ಕಲಿಸುವವಳು ನಾನೇ. ಅದಕ್ಕೆ ತೀರ್ಪು ಕೊಡಲಿಲ್ಲ. ಒಂದೇ ಒಂದು ವಿಷಯದಲ್ಲಿ ಸಂಶಯವಿರಲಿಲ್ಲ: ನಾನು ವಾದಿಸಿ ಗೆಲ್ಲಿಸಿದ ಭಾಷೆಯಲ್ಲಿ ಆ ಪದವಿಲ್ಲ. ಒಂದು ಪದದಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಅವಳು ಅದೇ ದಿನ ‘ನೆಟ್’ ಎಂದೂ ಹೇಳಬಹುದಿತ್ತು. ಮಗುವಿನ ವಿಷಯ ಹಾಗಿರಲಿ, ತಾಯಿಯ ವಿಷಯದಲ್ಲಿ ಪುರಾವೆ ನನ್ನ ಕಣ್ಣೆದುರಿಗೇ ಇತ್ತು. ಹದಿನೈದು ದಿನ ನಾಲ್ಕು ಶಬ್ದಗಳಲ್ಲಿ ಬದುಕಿದವಳು ಊಟದ ತನಕ ನಿಲ್ಲಿಸಲಿಲ್ಲ. ಏಡಿ ಯಾಕೆ ಅಡ್ಡಡ್ಡ ಓಡುತ್ತದೆ, ಆಂಟಿಯ ಬೆಕ್ಕಿಗೆ ಯಾಕೆ ಒಂದು ಕಿವಿ ಕಪ್ಪು, ಸಮುದ್ರದ ನೀರನ್ನು ಸಾರಿಗೆ ಹಾಕಿದರೆ ಏನಾಗುತ್ತದೆ, ಎಲ್ಲವನ್ನೂ ಮಗಳಿಗೆ ವರದಿ ಮಾಡಿದಳು. ಮಗು ಅವಳ ತುಟಿಯನ್ನೇ ನೋಡುತ್ತಾ ಅನ್ನ ನುಂಗುತ್ತಿತ್ತು. ಓಡದೆ, ಒಂದೇ ಕಡೆ ಕೂತು.

“ತಿಂಗಳು ಮುಗಿಯೋಕೆ ಇನ್ನೂ ಹದಿನೈದು ದಿನ ಉಂಟಲ್ಲ?” ಎಂದು ಅವನು ಜ್ಞಾಪಿಸಿದ. ಅವನಿಗೂ ಒಳಗೊಳಗೆ ಅಂಜಿಕೆಯಿತ್ತು.

“ಟೀಚರಿಗೆ ನಾನು ಹೇಳ್ಕೋತೀನಿ” ಎಂದಳು ಅವಳು. “ಮಾತು ತಡವಾಗಿ ಬರ್ಲಿ ರೀ. ಬರೋವರ್ಗೂ ನಾನು ಬಾಯಿ ಮುಚ್ಕೊಂಡಿರಕ್ಕಾಗಲ್ಲ. ಮುಂದಿನ ಸಲ ಡಾಕ್ಟರ ಹತ್ರ ಹೋದಾಗ ಕೇಳೇ ಬಿಡೋಣ.” ಕೇಳಿದರು ಕೂಡ. ಎಷ್ಟು ಭಾಷೆ ಬೇಕಾದರೂ ಆಡಿ, ಆದರೆ ಆಡಿ ಎಂದರಂತೆ ಡಾಕ್ಟರು. ನಾನು ಅದನ್ನು ಮೊದಲೇ ಯಾರನ್ನಾದರೂ ಕೇಳಿ ವಾದಕ್ಕೆ ಇಳಿಯಬಹುದಿತ್ತು. ಕೇಳಿರಲಿಲ್ಲ. ಗೆಲ್ಲಲು ಅದು ಬೇಕಿರಲಿಲ್ಲ.

ಸಂಜೆ ವಾಪಸು ದೋಣಿ ಹತ್ತಿದೆವು. ಗಂಡ ಮಗುವನ್ನು ಹೆಗಲ ಮೇಲಿಟ್ಟುಕೊಂಡು ಮುಂದೆ ನಿಂತಿದ್ದ. ಅವಳು ಅವನ ಕಿವಿ ತಿರುಚುತ್ತಾ ಹೊಸದೊಂದು ಶಬ್ದ ಹೊರಡಿಸುತ್ತಿದ್ದಳು. ಪದವಲ್ಲ, ಪದದ ತಯಾರಿ. ನಾನೂ ಗೆಳತಿಯೂ ಹಿಂದಿನ ಹಲಗೆಯ ಮೇಲೆ ಕೂತೆವು.

“ಸಾರಿ ಕಣೇ” ಎಂದೆ. ಆ ಪದ ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ.

“ಯಾತಕ್ಕೆ?”

“ಅವತ್ತು ಹೋಟ್ಲಲ್ಲಿ ನಾನಂದಿದ್ದಕ್ಕೆ. ಪ್ರೀತಿಯೋ ಹಟವೋ ಅಂತ.”

ಅವಳು ನಕ್ಕಳು. “ಲೈನು ಚೆನ್ನಾಗಿತ್ತು ಬಿಡೇ.”

“ಚೆನ್ನಾಗೇನೋ ಇತ್ತು. ಒಳಗೆ ಏನೂ ಇರ್ಲಿಲ್ಲ. ನಿಂಗದು ಗೊತ್ತಿತ್ತು. ನನ್ನ ಇಂಥ ವಾದಗಳನ್ನ ಕಾಲೇಜಲ್ಲಿ ಎರಡು ನಿಮಿಷಕ್ಕೆ ಹರಿದು ಕೈಗೆ ಕೊಡ್ತಿದ್ದೆ ನೀನು.” ಮಾರ್ವೆಯ ದಂಡೆ ಹತ್ತಿರವಾಗುತ್ತಿತ್ತು. ಜನ ಎದ್ದು ಚಪ್ಪಲಿ ಹುಡುಕತೊಡಗಿದ್ದರು. ಅವಳು ಸೆರಗಿನ ಮರಳು ಕೊಡವುತ್ತಾ ಮಗಳ ಬೆನ್ನನ್ನೇ ನೋಡುತ್ತಿದ್ದಳು. ನಾನು ಬಿಡಲಿಲ್ಲ.

“ಒಂದು ಮಾತು ಹೇಳು. ಅವತ್ತು ನನ್ನೆದುರು ನೀನ್ಯಾಕೆ ವಾದ ಮಾಡ್ಲಿಲ್ಲ?”

“ನಾನವತ್ತು ವಾದಕ್ಕೆ ಬಂದಿರ್ಲಿಲ್ಲ ಕಣೇ, ಭಯ ಆಗಿ ನಿನ್ನ ಹತ್ರ ಬಂದಿದ್ದೆ” ಎಂದಳು.